ಸೋಮವಾರದ ನೋವು

ಕೆಂದನ ಎಡ ಮುಂಗಾಲಿನಲ್ಲಿ ಏನೋ ಕೆಟ್ಟಿದೆ ಎಂದು ನೀಲಗಂಗಾಗೆ ಗೊತ್ತಾದದ್ದು ಅವಳು ಮನೆಯಲ್ಲಿ ರೊಟ್ಟಿ ಬಡಿಯುತ್ತಿದ್ದಾಗ. ಮೊಣಕೈಯ ಕೀಲಿನೊಳಗೆ ಮರಳಿನ ಕಣ ಸಿಕ್ಕಿಕೊಂಡಂತೆ, ಕೈ ತಿರುಗಿದಾಗಲೆಲ್ಲ ಒಂದು ಕರಕರ. ಹಿಟ್ಟಿನ ಕೈಯಲ್ಲೇ ಷೆಡ್ಡಿಗೆ ಫೋನ್ ಮಾಡಿದಳು.

"ಇಮಾಮ್ ಚಾಚಾ, ಕೆಂದನ್ನ ಹೊರಗ ಬಿಡಬ್ಯಾಡ್ರಿ. ಎಡಕ್ಕ ಮುಂದಿನ ಗಾಲಿ ಬೇರಿಂಗ್ ಬಿಚ್ಚಿ ನೋಡ್ರಿ."

"ಸ್ಕ್ರೀನ್ಯಾಗ ಏನೂ ಇಲ್ಲಲ್ಲವ್ವ."

"ಸ್ಕ್ರೀನಿಗೆ ಏನ್ ನೋಯತೈತಿ ಚಾಚಾ? ಬಿಚ್ಚರಿ ನೀವು."

ಬಿಚ್ಚಿದರು. ಬೇರಿಂಗಿನೊಳಗಿನ ಒಂದು ಗುಂಡು ಸೀಳಿತ್ತು. ಇನ್ನೊಂದು ವಿಮಾನ ತಳ್ಳಿದ್ದರೆ ಗಾಲಿ ಕಚ್ಚಿಕೊಳ್ಳುತ್ತಿತ್ತು. ಅಂದಿನಿಂದ ಷೆಡ್ಡಿನಲ್ಲಿ ಅವಳ ಮಾತಿಗೆ ಎದುರಾಡುವವರು ಇಲ್ಲವಾದರು. ಇದು ಹೋದ ವರ್ಷದ ಸಂಗತಿ.

ಕೆಂದ ಎತ್ತಲ್ಲ. ವಿಮಾನಗಳಿಗೆ ಹಿಂದಕ್ಕೆ ಹೋಗಲು ಬರುವುದಿಲ್ಲ, ಯಾರಾದರೂ ತಳ್ಳಬೇಕು. ಹುಬ್ಬಳ್ಳಿಯ ದಕ್ಷಿಣಕ್ಕೆ, ಮೊದಲು ಮೆಣಸಿನಕಾಯಿ ಬೆಳೆಯುತ್ತಿದ್ದ ನೆಲದ ಮೇಲೆ ಎದ್ದಿರುವ ವಿಮಾನ ನಿಲ್ದಾಣದಲ್ಲಿ ಈ ಕೆಲಸ ಮಾಡುವುದು ಬ್ಯಾಟರಿಯ ಟಗ್‌ಗಳು. ಆಳೆತ್ತರವೂ ಇಲ್ಲದ, ಚಪ್ಪಟೆ ಬೆನ್ನಿನ ಭಾರೀ ಗಾಡಿಗಳು. ಮುಂದೆ ಒಂದು ತೊಟ್ಟಿಲು ಇರುತ್ತದೆ. ಅದು ವಿಮಾನದ ಮೂಗಿನ ಗಾಲಿಯನ್ನು ಅಪ್ಪಿ ಹಿಡಿದು, ಒಂದು ಗೇಣು ಎತ್ತಿ, ಇಡೀ ವಿಮಾನವನ್ನು ಹಿಂದಕ್ಕೆ ನಡೆಸುತ್ತದೆ. ಕಾಗದದಲ್ಲಿ ಅವಕ್ಕೆ ಸಂಖ್ಯೆಗಳಿವೆ. ಷೆಡ್ಡಿನವರ ಬಾಯಲ್ಲಿ ಕೆಂದ, ಕರಿಯ, ಹುಲಿಯ. ಕಾರ ಹುಣ್ಣಿಮೆಯ ದಿನ ಅವುಗಳ ಮುಂಭಾಗಕ್ಕೆ ಕೆಮ್ಮಣ್ಣು ಬಳಿದು ಗೊಂಡೆ ಕಟ್ಟುತ್ತಾರೆ. ಸುರಕ್ಷತೆಯವರು ಬಂದು ಗೊಂಡೆ ಬಿಚ್ಚಿಸುತ್ತಾರೆ. ಕೆಮ್ಮಣ್ಣು ಮಾತ್ರ ಮಳೆ ಬರುವವರೆಗೆ ಉಳಿಯುತ್ತದೆ.

ಒಂದು ಟಗ್ಗಿನ ಮೈತುಂಬ ಸಾವಿರಕ್ಕೂ ಹೆಚ್ಚು ಸಂವೇದಕಗಳು. ಕಾವು, ಕಂಪನ, ಒತ್ತಡ, ಎಳೆತ. ಮೊದಲು ಅವೆಲ್ಲ ತೆರೆಯ ಮೇಲೆ ಅಂಕಿಗಳಾಗಿ ಬರುತ್ತಿದ್ದವು, ಅಂಕಿ ಏರಿದರೆ ಗಂಟೆ ಹೊಡೆಯುತ್ತಿತ್ತು. ದಿನವಿಡೀ ಗಂಟೆ ಹೊಡೆದರೆ ಮನುಷ್ಯ ಏನು ಮಾಡುತ್ತಾನೆ? ಗಂಟೆ ಇರುವುದನ್ನೇ ಮರೆಯುತ್ತಾನೆ. ಆಗ ಯಾರೋ ಒಬ್ಬ ನರವಿಜ್ಞಾನಿಗೆ ಒಂದು ಸರಳ ಪ್ರಶ್ನೆ ಹೊಳೆಯಿತು: ಮನುಷ್ಯ ಯಾವತ್ತೂ ಕಡೆಗಣಿಸಲಾಗದ ಗಂಟೆ ಯಾವುದು?

ನೋವು ಎಂಬ ಉತ್ತರ ಒಂದು ಅಂಗಿಯ ರೂಪದಲ್ಲಿ ಬಂತು. ಎದೆ, ಬೆನ್ನು, ಎರಡು ತೋಳುಗಳಿಗೆ ಬಿಗಿಯಾಗಿ ಅಂಟಿ ಕೂರುವ, ಒಳಗೆಲ್ಲ ಕೂದಲಿನಷ್ಟು ತೆಳ್ಳಗಿನ ತಂತಿಗಳಿರುವ ಅಂಗಿ. ಕಂಪನಿಯ ಹೆಸರು 'ಸಂವೇದನಾ ಕವಚ'. ಅದನ್ನು ಮೊದಲ ಸಲ ತೊಟ್ಟ ದಿನ ಹಿರಿಯ ಮೆಕ್ಯಾನಿಕ್ ಇಮಾಮಸಾಬ್ ನದಾಫ್ ಕನ್ನಡಿಯಲ್ಲಿ ನೋಡಿಕೊಂಡು, "ಈ ವಯಸ್ಸಿನ್ಯಾಗ ನನಗ ಕುಪ್ಪಸ ತೊಡೂ ಹಣೇಬಾರ ಬಂತಲ್ಲೋ ಯಪ್ಪಾ" ಎಂದಿದ್ದ. ಅವತ್ತಿನಿಂದ ಅದು ಕುಪ್ಪಸವೇ.

ಟಗ್ಗಿನ ಎಡಗಡೆಯ ಗಾಲಿಗಳು, ಮೋಟಾರುಗಳು ತೊಟ್ಟವರ ಎಡಗೈಯಲ್ಲಿ ನೆಲೆಸುತ್ತವೆ, ಬಲಗಡೆಯವು ಬಲಗೈಯಲ್ಲಿ. ಬ್ಯಾಟರಿ ಬೆನ್ನು. ಬ್ಯಾಟರಿಯ ಕಾವು ಇಳಿಸುವ ನೀರಿನ ಪಂಪು ಎದೆ. ತೊಟ್ಟಿಲು ಎರಡು ಅಂಗೈ. ಮೊದಮೊದಲು ಬರೀ ಕಚಗುಳಿ. ತಿಂಗಳೆರಡು ತಿಂಗಳು ತೊಟ್ಟ ಮೇಲೆ ಮಿದುಳು ತನ್ನೊಳಗಿನ ದೇಹದ ನಕ್ಷೆಯನ್ನು ಅಳಿಸಿ ಮತ್ತೆ ಬರೆದುಕೊಳ್ಳುತ್ತದೆ. ಆಮೇಲೆ ಟಗ್ಗು ಟಗ್ಗಾಗಿ ಉಳಿಯುವುದಿಲ್ಲ. ನಿಮಗೆ ನಿಮ್ಮ ಮೊಣಕಾಲು ಎಷ್ಟು ಗೊತ್ತೋ ಅಷ್ಟು ಅದು ಗೊತ್ತು. ಕುಪ್ಪಸ ಕಳಚಿದ ಮೇಲೂ ಆ ನೋವು ಒಂದಿಷ್ಟು ಹೊತ್ತು ಮೈಯಲ್ಲಿ ಉಳಿಯುತ್ತದೆ. ಅದಕ್ಕೆ ಅವರು ನೆರಳು ಎನ್ನುತ್ತಾರೆ. ನೀಲಗಂಗಾ ರೊಟ್ಟಿ ಬಡಿಯುವಾಗ ಹಿಡಿದದ್ದು ಕೆಂದನ ನೆರಳನ್ನು.

ಕಂಪನಿಯ ಪುಸ್ತಕದಲ್ಲಿ ಇಲ್ಲದ ಒಂದು ನಿಯಮ ಷೆಡ್ಡಿನಲ್ಲಿದೆ. ಸೋಮವಾರ ಎತ್ತು ಹೂಡುವುದಿಲ್ಲವಲ್ಲ, ಹಾಗೆ ಸೋಮವಾರ ಯಾರೂ ಕುಪ್ಪಸ ತೊಡುವುದಿಲ್ಲ. ಟಗ್‌ಗಳು ಓಡುತ್ತವೆ, ತೆರೆಯ ಅಂಕಿಗಳನ್ನು ನಂಬಿ. ಕುಪ್ಪಸಗಳು ಮಾತ್ರ ಗೋಡೆಯ ಗೂಟಗಳಲ್ಲಿ ನೇತಾಡುತ್ತವೆ. ಕಾರಣ ಕೇಳಿದ ಹೊಸಬರಿಗೆ ಇಮಾಮಸಾಬ್ ಹೇಳುವುದು ಒಂದೇ ಮಾತು: "ನೆರಳು ಒಂದ ದಿನದ್ದು. ಸೋಮವಾರ ಸಂಜಿ ತನಕ ಏನ್ ನೋವು ಉಳೀತೈತಿ, ಅದು ನಿಂದು."

*

ಈ ಸಲದ ನೋವು ಶುರುವಾದದ್ದು ದೀಪಾವಳಿ ಮುಗಿದ ಮೇಲೆ. ಎಡ ಭುಜದಿಂದ ಮೊಣಕೈವರೆಗೆ ಒದ್ದೆ ಬಟ್ಟೆ ಹಿಂಡಿದಂತೆ. ಕೆಂದ ಭಾರದ ವಿಮಾನ ಎತ್ತಿದಾಗ ಬರುತ್ತದೆ ಎಂದು ನೀಲಗಂಗಾಗೆ ಮೊದಲು ಅನಿಸಿತು. ಎಡ ಹಿಂದಿನ ಮೋಟಾರು ಬಿಚ್ಚಿದಳು, ಏನಿಲ್ಲ. ಮೋಟಾರಿಗೆ ಹೋಗುವ ಕಿತ್ತಳೆ ಬಣ್ಣದ ದಪ್ಪ ಕೇಬಲ್‌ಗಳನ್ನು ಗೇಣುಗೇಣಾಗಿ ತಡವಿ ನೋಡಿದಳು, ಏನಿಲ್ಲ. ಗುರುವಾರ ನೋವು ಎದೆಯ ನಡುವಿಗೆ ಸರಿಯಿತು.

"ಪಂಪ್ ಇರಬೇಕ" ಎಂದು ಕೆಂದನನ್ನು ಷೆಡ್ಡಿಗೆ ತಂದು ನಿಲ್ಲಿಸಿದಳು. ಕೆಂಪು ಹಲಗೆ ತೂಗುಹಾಕಿದಳು. ತಂತ್ರಜ್ಞರಿಗೆ ನೋವಾದರೆ ಟಗ್ಗು ನಿಲ್ಲಬೇಕು. ಅದನ್ನು ಮತ್ತೆ ಹೊರಗೆ ಬಿಡುವ ಮಾತು ಆ ತಂತ್ರಜ್ಞರೇ ಆಡಬೇಕು. ಇದು ಕಂಪನಿಯ ಪುಸ್ತಕದಲ್ಲೇ ಇರುವ ನಿಯಮ.

ಮಾರನೆಯ ದಿನ ನಿಯಂತ್ರಣ ಕೊಠಡಿಯಿಂದ ರೋಹಿಣಿ ದೇಶಪಾಂಡೆ ಅವಳನ್ನು ಕರೆಸಿದಳು. ಷೆಡ್ಡಿನ ಮೇಲಿನ ಮಹಡಿ, ಕಬ್ಬಿಣದ ಮೆಟ್ಟಿಲು ಹತ್ತಿ ಹೋಗಬೇಕು. ಗೋಡೆಯಗಲದ ತೆರೆಯಲ್ಲಿ ವಿಮಾನಗಳು ಬಿಳಿ ಚುಕ್ಕೆಗಳು, ಟಗ್‌ಗಳು ಹಸಿರು ಚುಕ್ಕೆಗಳು. ಕೆಂದನ ಚುಕ್ಕೆ ಬೂದಿ ಬಣ್ಣಕ್ಕೆ ತಿರುಗಿ ಮೂಲೆಯಲ್ಲಿ ಕೂತಿತ್ತು. ನೀಲಗಂಗಾ ಬಾಗಿಲ ಚೌಕಟ್ಟು ಹಿಡಿದು ಸ್ವಲ್ಪ ಹೊತ್ತು ನಿಂತಳು.

"ಕೂಡ್ರಿ, ಕೂಡ್ರಿ. ದಮ್ಮ ಹತ್ತೇದಲ್ಲ ನಿಮಗ?"

"ಮೆಟ್ಲ ಕಡದ ಅದಾವ್ರಿ ಮೇಡಂ."

ರೋಹಿಣಿ ಮೂವತ್ತು ದಾಟದ ಎಂಜಿನಿಯರು. ಮುಖ ನಿದ್ದೆಗೆಟ್ಟಂತಿತ್ತು. "ನೋಡ್ರಿ ನೀಲಗಂಗಾ, ದೊಡ್ಡ ವಿಮಾನ ಎತ್ತೋ ಶಕ್ತಿ ಇರೋದು ಎರಡೇ ಟಗ್ಗಿಗೆ. ಒಂದು ನಿಮ್ಮ ಕೆಂದ. ಇವತ್ತ ನಾಕು ವಿಮಾನ ತಡಾ ಆಗ್ಯಾವ. ಒಂದರಾಗ ಕಿಡ್ನಿ ಬದಲಿ ಮಾಡಿಸ್ಕೊಳ್ಳಿಕ್ಕೆ ಹೊಂಟ ಹುಡುಗಿ ಇದ್ಲಂತ, ಅವರಪ್ಪ ಫೋನ್ಯಾಗ ನನಗ ಬೈದದ್ದು ಇನ್ನೂ ಕಿವ್ಯಾಗ ಅದ. ಇಲ್ಲಿ ನೋಡಿದ್ರ ಎಲ್ಲಾ ಹಸಿರ. ಎಲ್ಲಿ ನೋಯ್ಲಿಕ್ಕೆ ಹತ್ತೇದ, ತೋರಸ್ರಿ."

ತೆರೆಯ ಮೇಲೆ ಕೆಂದನ ನಕ್ಷೆ ಬಂತು. ನೀಲಗಂಗಾ ಪಂಪಿನ ಮೇಲೆ ಬೆರಳಿಟ್ಟಳು.

"ಬುಧವಾರ ಮೋಟಾರ್ ಅಂದಿದ್ರಿ."

"ಜರಗೈತ್ರಿ."

"ನೋವು ಜರಗತದ?"

"ನೀವು ಹಲ್ಲ ನೋಯಿಸ್ಕೊಂಡಿಲ್ಲೇನ್ರಿ ಯಾವತ್ತೂ?"

ರೋಹಿಣಿ ನಕ್ಕಳು. ನಗುತ್ತಲೇ ಕಣ್ಣು ಒರೆಸಿಕೊಂಡಳು. "ನಿಮ್ಮ ಮಾತಿಲ್ಲದ ನಾ ಅದನ್ನ ಹೊರಗ ಬಿಡಂಗಿಲ್ಲ. ಬೇರಿಂಗ್ ಕೇಸಿನ್ಯಾಗ ನೀವ ಖರೆ ಆದ್ರಿ, ಈ ಗ್ವಾಡಿ ಸುಳ್ಳಾತು. ತಗೋರಿ, ಸೋಮವಾರತನಾ ಹುಡುಕ್ರಿ."

ಬೈದಿದ್ದರೆ ಚೆನ್ನಾಗಿತ್ತು ಎಂದು ನೀಲಗಂಗಾಗೆ ಮೆಟ್ಟಿಲಿಳಿಯುವಾಗ ಅನಿಸಿತು.

ಅವಳು ಯಾರಿಗೂ ಹೇಳದ ಒಂದು ಸಂಗತಿ ಇತ್ತು. ಕಳೆದ ಮೂರು ಸೋಮವಾರ ಅವಳು ಕುಪ್ಪಸ ಕಳಚಿಟ್ಟಿರಲಿಲ್ಲ. ಮೇಲೆ ಕೆಲಸದ ಕೋಟು ತೊಟ್ಟು, ಕುತ್ತಿಗೆವರೆಗೆ ಗುಂಡಿ ಹಾಕಿಕೊಂಡಿದ್ದಳು. ಸುಳಿವು ತಪ್ಪಿಹೋಗುತ್ತದೆ, ಅದಕ್ಕೆ, ಎಂದು ತನಗೆ ತಾನೇ ಹೇಳಿಕೊಂಡಿದ್ದಳು.

ಗೇಟಿನಲ್ಲಿ ಪಾಸು ನೋಡಲು ಕೂತಿರುವ ಫಕೀರಪ್ಪ ಮೊದಲು ಹುಲಿಯನ ಕುಪ್ಪಸ ತೊಡುತ್ತಿದ್ದವನು. ತಪಾಸಣೆಯಲ್ಲಿ ಎದೆಬಡಿತ ತಪ್ಪುತ್ತಿದೆ ಎಂದು ಗೊತ್ತಾದ ದಿನವೇ ಅದನ್ನು ಕಳಚಿಸಿದರು. ಎದೆಯ ತೊಂದರೆ ಇದ್ದವರ ಮೇಲೆ ಆ ತಂತಿಗಳ ಮಿಡಿತ ಏನು ಮಾಡೀತು ಎಂದು ಯಾರಿಗೂ ಗೊತ್ತಿಲ್ಲ, ಹಾಗಾಗಿ ಯಾರೂ ಆ ಹೊಣೆ ಹೊರುವುದಿಲ್ಲ. ಈಗಲೂ ಹುಲಿಯ ಬೇಲಿಯ ಆಚೆ ಹಾದುಹೋದರೆ ಫಕೀರಪ್ಪ ಪಾಸು ಹಿಡಿದ ಕೈ ಬಿಟ್ಟು ಇನ್ನೊಂದು ಅಂಗೈಯನ್ನು ಮುಂದೆ ಚಾಚುತ್ತಾನೆ, ತೊಟ್ಟಿಲಿನಂತೆ. ಜನ ದಕ್ಷಿಣೆ ಕೇಳುತ್ತಿದ್ದಾನೆ ಎಂದುಕೊಳ್ಳುತ್ತಾರೆ.

ಹದಿನೆಂಟನೇ ವಯಸ್ಸಿಗೆ ಸ್ಪ್ಯಾನರ್ ಹಿಡಿದ ನೀಲಗಂಗಾಗೆ ಯಂತ್ರವೊಂದು ತನ್ನೊಡನೆ ಮಾತಾಡಿದ್ದು ಕುಪ್ಪಸ ಬಂದ ಮೇಲೆಯೇ. ಅದು ಹೋದರೆ ಕೆಂದ ಮತ್ತೆ ತಗಡಾಗುತ್ತಾನೆ.

*

ಭಾನುವಾರ ನೀಲಗಂಗಾಳ ಗಂಡ ಸಂಗಪ್ಪನಿಗೆ ಪುರುಸೊತ್ತಿರುವುದಿಲ್ಲ. ಅವನ ಕಟಿಂಗ್ ಅಂಗಡಿ ಮನೆಯ ಮುಂಭಾಗದಲ್ಲೇ. ನಡುಮನೆಗೂ ಅಂಗಡಿಗೂ ನಡುವೆ ಒಂದು ಪರದೆ. ಅವತ್ತು ಮಧ್ಯಾಹ್ನ ಒಬ್ಬ ಗಿರಾಕಿಯ ಮುಖಕ್ಕೆ ನೊರೆ ಹಚ್ಚಿ, ಅದು ನೆನೆಯುವಷ್ಟರಲ್ಲಿ ಬಟ್ಟೆ ಮಷೀನಿಗೆ ಹಾಕೋಣ ಎಂದು ಒಳಗೆ ಬಂದ. ಹೆಂಡತಿಯ ಕೆಲಸದ ಪ್ಯಾಂಟಿನ ಜೇಬು ತಡಕಿದ. ಅಂಗೈಯಗಲದ ಕಿತ್ತಳೆ ಪ್ಲಗ್ಗೊಂದು ಸಿಕ್ಕಿತು.

"ಏ ನೀಲಾ, ಇದೇನ ಇದು? ಮಷೀನ್ಯಾಗ ಹೋಗಿದ್ರ ಎಲ್ಲಾ ಅಂಗಿ ಹರೀತಿತ್ತು."

"ಇಲ್ಲೆ ಕೊಡ್ರಿ. ಕೆಂದನ ಜೀವ ಅದು."

ಬ್ಯಾಟರಿಗೂ ಗಾಡಿಗೂ ನಡುವಿನ ಪ್ಲಗ್ಗು. ಅದನ್ನು ಕಿತ್ತರೆ ಗಾಡಿಯೊಳಗೆ ಎಲ್ಲೂ ವಿದ್ಯುತ್ತು ಹರಿಯುವುದಿಲ್ಲ. ಕೈಹಾಕುವ ಮುಂಚೆ ಕೀಳಬೇಕು, ಕಿತ್ತವರೇ ತಮ್ಮ ಜೇಬಿನಲ್ಲಿ ಇಟ್ಟುಕೊಳ್ಳಬೇಕು, ಇನ್ನೊಬ್ಬರು ಗೊತ್ತಿಲ್ಲದೆ ಹಾಕಿಬಿಡದಂತೆ. ಕಣ್ಣು ಮುಚ್ಚಿದರೂ ಕೈ ಮಾಡುವ ಕೆಲಸ. ಗುರುವಾರ ಅವಳ ಕೈ ಅದನ್ನು ಮಾಡಿತ್ತು.

"ಅಂದ್ರ ಇದು ನಿನ್ನ ಕಿಸೆದಾಗ ಇದ್ರ, ಅದು ಅಲ್ಲೆ ಸತ್ತು ಬಿದ್ದಿರತೈತಿ?"

"ಮಲಗಿರತೈತಿ."

"ಯಾವಾಗಿಂದ?"

"ಗುರುವಾರ ಮುಂಜಾನಿಂದ."

ಸಂಗಪ್ಪ ಪ್ಲಗ್ಗನ್ನು ತಿರುಗಿಸಿ ನೋಡಿದ. "ನಿನ್ನೆ ಭುಜ ತಿಕ್ಕಿಸ್ಕೊಂಡಿ. ಮೊನ್ನೆ ನೀರಿನ ಕೊಡ ಅರ್ಧಕ್ಕ ಇಟ್ಟು ಕುಂತಿ. ಕೇಳಿದ್ರ ಕೆಂದನ ಪಂಪು ಅಂದಿ. ಮಲಗಿದ್ದಕ್ಕ ಹೆಂಗ ನೋಯತೈತ ಅದು?"

"ನೆರಳು."

"ನೆರಳು ಒಂದ ದಿನದ್ದಂತ ನೀನ ಹೇಳಿದ್ಯಲ್ಲ ಮದುವಿ ಮನ್ಯಾಗ, ಎಲ್ಲಾರ ಮುಂದ?"

ಪರದೆಯ ಆಚೆಯಿಂದ ಗಿರಾಕಿ ಕೂಗಿದ: "ಸಂಗಣ್ಣಾ, ನೊರಿ ಒಣಗಾಕ ಹತ್ತೈತೋ!"

"ಬಂದೆ!" ಸಂಗಪ್ಪ ಪ್ಲಗ್ಗನ್ನು ಅವಳ ಅಂಗೈಯಲ್ಲಿಟ್ಟು ಬೆರಳು ಮಡಚಿದ. "ನಾ ಏನೂ ಅನ್ನಂಗಿಲ್ಲ ನೀಲಾ. ನನಗ ಗಾಡಿ ತಿಳಿಯಂಗಿಲ್ಲ. ತೆಲಿ ಒತ್ತಿಸ್ಕೊಳ್ಳಾಕ ಬಂದವರು ತೆಲಿನೋವು ತಮ್ಮದ ಅಂತ ಹೇಳ್ತಾರ, ಅಷ್ಟ ಗೊತ್ತು."

ಅವಳು ಅಲ್ಲೇ ಕೂತಳು. ಸಿಟ್ಟು ಬಂತು, ಗಂಡನ ಮೇಲೆ, ಪ್ಲಗ್ಗಿನ ಮೇಲೆ. ಹತ್ತು ವರ್ಷ ಇನ್ನೊಂದರ ನೋವನ್ನು ಹೊತ್ತವಳಿಗೆ ತನ್ನ ನೋವಿನ ಗುರುತು ಸಿಗುವುದಿಲ್ಲವೇ? ಹಾಗೆ ನೋಡಿದರೆ ಅವಳಿಗೆ ತನ್ನದೇ ಎಂಬ ನೋವು ಕೊನೆಯ ಸಲ ಬಂದದ್ದು ಯಾವಾಗ? ಹಲ್ಲು? ಹೆರಿಗೆ? ಊರ ತುಂಬ ಈಗ ಇಂಥ ಅಂಗಿಗಳು ಬಂದಿವೆ. ನೀರಿನ ಪೈಪು ನೋಡುವವರು, ಲಿಫ್ಟಿನವರು, ಸೇತುವೆಯವರು. ಬಸ್ಸಿನಲ್ಲಿ ಯಾರಾದರೂ ಅಯ್ಯೋ ಎಂದು ಸೊಂಟ ಹಿಡಿದುಕೊಂಡರೆ ಪಕ್ಕದವರು ಮೊದಲು ಕೇಳುವುದು, "ಯಾವ ಇಲಾಖೀರಿ?"

*

ಸೋಮವಾರ ಬೆಳಿಗ್ಗೆ ಅವಳು ಷೆಡ್ಡಿನ ಗೂಟಗಳ ಮುಂದೆ ನಿಂತಳು. ಉಳಿದ ಕುಪ್ಪಸಗಳೆಲ್ಲ ನೇತಾಡುತ್ತಿದ್ದವು. ಕೆಂದನ ಗೂಟ ಬರಿದಾಗಿತ್ತು. ಅವಳ ಕುಪ್ಪಸ ಅವಳ ಚೀಲದಲ್ಲಿತ್ತು.

ಇಮಾಮಸಾಬ್ ಹಿಂದೆ ಬಂದು ನಿಂತ. ಅರವತ್ತರ ಹತ್ತಿರದ ಮನುಷ್ಯ, ಗಡ್ಡಕ್ಕೆ ಮದರಂಗಿ.

"ಈ ಗೂಟ ಮೂರು ವಾರದಿಂದ ಖಾಲಿ ಐತಿ" ಎಂದ.

"ನೋಡೀರೇನ್ರಿ ಚಾಚಾ?"

"ಮುದುಕಗ ಏನ್ ಕೆಲಸ ಮತ್ತ, ಗ್ವಾಡಿ ನೋಡೂದು ಬಿಟ್ರ?"

"ಯಾಕ ಕೇಳ್ಲಿಲ್ಲ?"

"ಕೇಳಿದ್ರ ನೀ ಸುಳ್ಳ ಹೇಳಬೇಕಾಗತಿತ್ತು. ಹೋಳಿಗಿ ತಟ್ಟೂದ ಬಿಡಿಸಿ ನಿನಗ ಸ್ಪ್ಯಾನರ್ ಕೊಟ್ಟಾಂವ ನಾನು. ನನ್ನ ಮುಂದ ಸುಳ್ಳ ಹೇಳಿಸ್ಲೇನು?"

ಅವಳು ಚೀಲದಿಂದ ಕುಪ್ಪಸ ತೆಗೆದು ಗೂಟಕ್ಕೆ ಹಾಕಿದಳು. ತೋಳುಗಳು ಜೋತುಬಿದ್ದವು. ಮೈ ಹಗುರಾಯಿತು ಅನಿಸಿತು, ಬೆತ್ತಲಾದಂತೆಯೂ.

ದಿನವಿಡೀ ಕೆಂದನ ಪಕ್ಕದ ಬೆಂಚಿನಲ್ಲಿ ಕೂತು ಬೇರೆ ಟಗ್‌ಗಳ ಬಿಡಿಭಾಗ ಒರೆಸಿದಳು. ಏನೂ ನೋಯಲಿಲ್ಲ. ಊಟದ ಹೊತ್ತಿಗೆ ಮನಸ್ಸು ಗೆಲುವಾಯಿತು. ನೋಡು, ಕಳಚಿದ ಕೂಡಲೇ ಹೋಯಿತು, ಅಂದರೆ ಅದು ಕೆಂದನದೇ ಆಗಿತ್ತು. ಸಂಗಪ್ಪನಿಗೆ ಫೋನ್ ಮಾಡಿ ಹೇಳಬೇಕು ಎಂದುಕೊಂಡಳು. ಕಿಸೆಯಲ್ಲಿದ್ದ ಪ್ಲಗ್ಗು ತೊಡೆಗೆ ಒತ್ತುತ್ತಿತ್ತು. ಫೋನ್ ಮಾಡಲಿಲ್ಲ.

ಹೊತ್ತು ಇಳಿಯುವಾಗ ಮೇಲಿನಿಂದ ಕರೆ ಬಂತು. ಮೇಡಂ ಕರೆಯುತ್ತಿದ್ದಾರೆ, ಸೋಮವಾರವಾಯಿತು, ಏನಾಯಿತು ಹೇಳಬೇಕಂತೆ.

ಕಬ್ಬಿಣದ ಮೆಟ್ಟಿಲಿನ ಅರ್ಧದಲ್ಲಿ ಅದು ಬಂತು. ಮೊದಲು ಎದೆಯ ನಡುವೆ, ಯಾರೋ ಅಂಗೈ ಊರಿ ಒತ್ತಿದಂತೆ. ಆಮೇಲೆ ಭುಜ, ಮೊಣಕೈ. ಅವಳು ಕಂಬಿ ಹಿಡಿದು ನಿಂತು, ಅಭ್ಯಾಸಬಲದಿಂದ, ಪಂಪು, ಮೋಟಾರು, ಗಾಲಿ ಎಂದು ಒಂದೊಂದಾಗಿ ಹೆಸರಿಟ್ಟುಕೊಂಡು ನೋವಿನ ಜೊತೆಗೆ ಹೋದಳು. ನೋವು ಅಲ್ಲಿಗೆ ನಿಲ್ಲಲಿಲ್ಲ. ಕುತ್ತಿಗೆ ಹತ್ತಿ ಎಡ ದವಡೆಯಲ್ಲಿ ಬಂದು ಕೂತಿತು.

ದವಡೆ.

ಕುಪ್ಪಸ ಕುತ್ತಿಗೆಯ ಬುಡಕ್ಕೆ ಮುಗಿಯುತ್ತದೆ. ದವಡೆಯಲ್ಲಿ ಕೆಂದನ ಯಾವ ಭಾಗವೂ ಇಲ್ಲ. ಅವಳು ಮನಸ್ಸಿನಲ್ಲಿ ಕೆಂದನನ್ನು ಮೂಗಿನಿಂದ ಬಾಲದವರೆಗೆ ಬಿಚ್ಚಿ ಹರಡಿದಳು, ಒಂದು ಬೋಲ್ಟೂ ಬಿಡದೆ. ಇಲ್ಲ. ಇದಕ್ಕೆ ಅಲ್ಲಿ ಜಾಗವಿಲ್ಲ.

ಮೆಟ್ಟಿಲ ಮೇಲೆ ಕೂತಳು. ಇಲ್ಲಿಂದ ಷೆಡ್ಡು ಪೂರ್ತಿ ಕಾಣುತ್ತಿತ್ತು. ಕೆಂಪು ಹಲಗೆಯ ಕೆಳಗೆ ಕೆಂದ, ಮುಖದ ಮೇಲೆ ಮಳೆಗೆ ಅಳಿದ ಕೆಮ್ಮಣ್ಣಿನ ಕಲೆ. ನೋವು ನಿಧಾನವಾಗಿ ಇಳಿಯಿತು. ಈಗಲೂ ಸುಮ್ಮನಿರಬಹುದಿತ್ತು. ಪಂಪು ಬದಲಿಸಿ, ಸರಿಯಾಯಿತು ಎಂದು ಹೇಳಿ, ನಾಳೆ ಕುಪ್ಪಸ ತೊಟ್ಟು ಇನ್ನೊಂದಿಷ್ಟು ದಿನ. ಎಷ್ಟು ದಿನ ಎಂಬುದು ಅವಳಿಗೆ ಗೊತ್ತಿರಲಿಲ್ಲ. ಕೆಂದ ತೊಟ್ಟಿಲಲ್ಲಿ ವಿಮಾನ ಎತ್ತಿರುವ ಹೊತ್ತಿಗೆ ಅವಳ ಎದೆ ನೊಂದರೆ, ಆಗ ಯಾರ ನೋವೆಂದು ಯಾರಿಗೆ ತಿಳಿಯಬೇಕು? ಅಥವಾ ನಿಜವಾಗಿ ಕೆಂದನೇ ನೊಂದಾಗ ಅವಳು ಅದನ್ನು ತನ್ನದೆಂದು ಅದುಮಿಟ್ಟರೆ? ಕುಪ್ಪಸ ಆಗಲೇ ಕೆಟ್ಟಿತ್ತು. ತಂತಿ ಹರಿದದ್ದು ಅವಳೊಳಗೆ.

"ಚಾಚಾ" ಎಂದು ಕೂಗಿದಳು. ಕೂಗು ಅಂದುಕೊಂಡಷ್ಟು ಜೋರಾಗಿ ಬರಲಿಲ್ಲ. ಆದರೂ ಇಮಾಮಸಾಬ್ ಓಡಿಬಂದ.

ಅವಳು ಜೇಬಿನಿಂದ ಪ್ಲಗ್ಗು ತೆಗೆದು ಅವನ ಕೈಗೆ ಕೊಟ್ಟಳು. ಕಿತ್ತವರು ಇನ್ನೊಬ್ಬರಿಗೆ ಕೊಡಬಾರದ ವಸ್ತು. ಅವನು ಅದನ್ನು ನೋಡಿದ, ಅವಳ ಮುಖ ನೋಡಿದ.

"ಕೆಂದಗ ಏನೂ ಆಗಿಲ್ರಿ. ಮೇಡಂಗ ಹೇಳ್ರಿ, ಬಿಟ್ಟಬಿಡ್ರಿ ಅಂತ. ನಾನ ಮಾತ ಕೊಟ್ಟೀನಿ."

"ನಿನಗೇನಾತವ್ವ?"

"ಸೋಮವಾರ ಉಳದೈತಿ."

ಇಮಾಮಸಾಬ್ ಮೇಲಕ್ಕೆ ಹೋಗಲಿಲ್ಲ. ಅಲ್ಲಿಂದಲೇ ಕೂಗಿದ, ವಿಮಾನ ನಿಲ್ದಾಣದ ಆಂಬುಲೆನ್ಸಿಗೆ. ರೋಹಿಣಿ ಮೆಟ್ಟಿಲಿಳಿದು ಓಡಿ ಬಂದಳು, ಕಾಲಲ್ಲಿ ಒಂದೇ ಚಪ್ಪಲಿ.

*

ಆಸ್ಪತ್ರೆಯ ಡಾಕ್ಟರ್ ಅವಳಿಗಿಂತ ಚಿಕ್ಕವನು. "ಹೆಂಗ ನೋಯತೈತ್ರಿ? ಚುಚ್ಚಿದಂಗೋ, ಹಿಂಡಿದಂಗೋ?" ಎಂದು ಕೇಳಿದ. "ನಡದಾಗ ಬರತೈತೋ, ಕುಂತಾಗೂ ಬರತೈತೋ? ಎಷ್ಟೊತ್ತು ಇರತೈತಿ? ಎಲ್ಲಿಗೆ ಹೋಗತೈತಿ?" ಅವಳು ಉತ್ತರಿಸುತ್ತ ಹೋದಳು. ಹೇಳುತ್ತ ಹೇಳುತ್ತ ಅವಳಿಗೆ ಅಚ್ಚರಿಯಾಯಿತು. ಈ ಮನುಷ್ಯನ ಮೈಮೇಲೆ ಯಾವ ಅಂಗಿಯೂ ಇಲ್ಲ. ಅವನಿಗೆ ಏನೂ ನೋಯುತ್ತಿಲ್ಲ. ಬರೀ ಕೇಳುತ್ತಿದ್ದಾನೆ, ಕೇಳಿ ಕೇಳಿಯೇ ಮುಚ್ಚಿಹೋದ ರಕ್ತನಾಳದ ಹತ್ತಿರ ಬರುತ್ತಿದ್ದಾನೆ.

ಎರಡು ಸ್ಟೆಂಟ್ ಹಾಕಿದರು. ಕುಪ್ಪಸ ಹೋಯಿತು. ಅದಕ್ಕೆ ಸಹಿ ಮಾಡುವಾಗ ರೋಹಿಣಿ, "ನನ್ನ ಗ್ವಾಡಿ ಈ ಸಲ ಖರೆ ಆತು, ಆದ್ರ ಖುಷಿ ಆಗ್ಲಿಲ್ಲ" ಎಂದಳು. ನೀಲಗಂಗಾ ಮೊದಲ ವಾರ ಮನೆಯಲ್ಲಿ ಅತ್ತಳು, ಅಡುಗೆ ಮನೆಯಲ್ಲಿ, ಎಡಗೈ ಬರಿದಾಗಿದೆ ಎಂದು. ಸಂಗಪ್ಪ ಆ ಕೈಯನ್ನು ತಿಕ್ಕಿದ.

ಸಂಕ್ರಾಂತಿ ಕಳೆದು ಕೆಲಸಕ್ಕೆ ಬಂದಾಗ ಕೆಂದನ ಕುಪ್ಪಸ ಇಮಾಮಸಾಬನ ಪಾಲಾಗಿತ್ತು. ಅವಳಿಗೆ ಬೆಂಚಿನ ಕೆಲಸ. ಒಂದು ಬುಧವಾರ ಬಿಸಿಲೇರಿದ ಹೊತ್ತು, ಕೆಂದ ಅಂಗಳದಿಂದ ಮರಳಿ ಷೆಡ್ಡಿನ ಬಾಗಿಲಲ್ಲಿ ನಿಂತ. ಇಮಾಮಸಾಬ್ ಪಕ್ಕದಲ್ಲಿ ಬೆನ್ನು ಹಿಡಿದುಕೊಂಡು ನಿಂತಿದ್ದ.

"ಎಲ್ಲೋ ಹಿಡಕೊಂಡೈತಿ. ಎಲ್ಲಿ ಅಂತ ತಿಳೀವಲ್ದು. ಇದರ ಸೊಭಾವ ನಿನಗ ಗೊತ್ತು, ನನಗ ಹೊಸಾದು."

ನೀಲಗಂಗಾ ಎದ್ದು ಬಂದಳು.

"ಸೋಮವಾರ ಇತ್ತೇನ್ರಿ ಇದು?"

ಇಮಾಮಸಾಬ್ ಅವಳನ್ನು ನೋಡಿ, ನೆನಪಿಸಿಕೊಂಡು, ತಲೆ ಅಲ್ಲಾಡಿಸಿದ. "ಇದ್ದಿದ್ದಿಲ್ಲ. ಅಲ್ಲಾನಾಣೆ."

"ಹಂಗಾದ್ರ ಕೆಂದಂದ. ಹೇಳ್ರಿ, ಚುಚ್ಚಿದಂಗೋ, ಹಿಂಡಿದಂಗೋ?"

"ಸುಟ್ಟಂಗ."

"ತಳ್ಳೂವಾಗ ಬರತೈತೋ, ಸುಮ್ನ ನಿಂತಾಗೂ ಬರತೈತೋ?"

"ನಿಂತಾಗ. ಚಾರ್ಜಿಗೆ ಹಚ್ಚಿದಾಗ."

"ಬೆನ್ನಿನ ಮ್ಯಾಲೋ, ಕೆಳಗೋ? ಎಲ್ಲಿಗೆ ಹೋಗತೈತಿ ಆಮ್ಯಾಲ?"

"ತಡೀ ಮಾರಾಯ್ತಿ, ನೀ ಡಾಕ್ಟರ ಆದ್ಯಲ್ಲ" ಎಂದು ಗೊಣಗುತ್ತಲೇ ಇಮಾಮಸಾಬ್ ಕಣ್ಣು ಮುಚ್ಚಿ ತನ್ನ ಬೆನ್ನೊಳಗೆ ಹುಡುಕತೊಡಗಿದ.

ಅವನು ಹೇಳುವವರೆಗೆ ಕಾಯುತ್ತ ಅವಳು ಕೆಂದನ ಪಕ್ಕೆಯ ಮೇಲೆ ಕೈಯಿಟ್ಟಳು. ತಗಡು ಬಿಸಿಲಿಗೆ ಕಾದಿತ್ತು. ಅಷ್ಟೇ ಗೊತ್ತಾಯಿತು.